ನಾಯಿಯ ಮೈಯ ಉಣ್ಣೆ, ಗೋಡೆಯ ಸಂದಿನ ಉಣ್ಣೆ: ಎರಡನ್ನೂ ಮುಗಿಸುವ ಬಗೆ

ಭಾನುವಾರ ಬೆಳಿಗ್ಗೆ ಕೂತು ನಾಯಿಯ ಕಿವಿ, ಕೊರಳು, ಬೆರಳ ಸಂದುಗಳನ್ನೆಲ್ಲ ತಡಕಿ ಮೂವತ್ತು ನಲವತ್ತು ಉಣ್ಣೆ ಕಿತ್ತು ಹಾಕುತ್ತೀರಿ. ಮುಂದಿನ ಭಾನುವಾರಕ್ಕೆ ಮತ್ತೆ ಅಷ್ಟೇ ಸಿಗುತ್ತವೆ. ಶಾಂಪೂ ಬದಲಾಗುತ್ತದೆ, ಪೌಡರ್ ಬದಲಾಗುತ್ತದೆ, ಉಣ್ಣೆ ಮಾತ್ರ ಹಾಗೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ಇದು ವರ್ಷಗಟ್ಟಲೆ ನಡೆಯುತ್ತದೆ. ಕೊನೆಗೊಂದು ದಿನ ನಾಯಿ ಊಟ ಬಿಟ್ಟು ಮೂಲೆ ಹಿಡಿದಾಗ, ಒಸಡು ಬಿಳಿಚಿಕೊಂಡಾಗ, ಆಸ್ಪತ್ರೆಗೆ ಓಡುವ ಹೊತ್ತಿಗೆ ರಕ್ತದಲ್ಲಿ ಪ್ಲೇಟ್‌ಲೆಟ್ ನೆಲ ಕಚ್ಚಿರುತ್ತದೆ. ಉಣ್ಣೆ ಜ್ವರದಿಂದ ಸಾಯುವ ಬಹಳಷ್ಟು ನಾಯಿಗಳು ಉಳಿಯಬಹುದಾಗಿದ್ದ ನಾಯಿಗಳು.

ಉಣ್ಣೆ ಬದುಕುವ ರೀತಿ ಗೊತ್ತಾದರೆ ಇಡೀ ಕೆಲಸದ ಕ್ರಮ ತಾನಾಗಿ ಅರ್ಥವಾಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು.

ಉಣ್ಣೆ ಎಲ್ಲಿರುತ್ತದೆ

ನಮ್ಮ ಊರುಗಳಲ್ಲಿ ಮನೆನಾಯಿಯ ಮೈಮೇಲೆ ಸಿಗುವುದು ಬಹುಪಾಲು ಒಂದೇ ಜಾತಿ, ಕಂದು ನಾಯಿ ಉಣ್ಣೆ. ಶಾಸ್ತ್ರೀಯ ಹೆಸರು ರಿಪಿಸೆಫಾಲಸ್ ಸ್ಯಾಂಗ್ವಿನಿಯಸ್. ಮಲೆನಾಡಿನ ಕಡೆ ಉಣುಗು ಅನ್ನುತ್ತಾರೆ. ಉಣ್ಣೆಗಳಲ್ಲಿ ಹೆಚ್ಚಿನವು ಕಾಡು, ಹುಲ್ಲು, ಬೇಲಿ ಎಂದು ಹೊರಗೆ ಬದುಕುತ್ತವೆ. ಈ ಜಾತಿ ಹಾಗಲ್ಲ, ಕಾಂಕ್ರೀಟ್ ಮನೆಯೊಳಗೇ ಆರಾಮವಾಗಿ ಸಂಸಾರ ಹೂಡಬಲ್ಲದು. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ, ಹುಲ್ಲನ್ನೇ ಮೆಟ್ಟದ ನಾಯಿಗೂ ಉಣ್ಣೆ ಹತ್ತುವುದು ಇದೇ ಕಾರಣಕ್ಕೆ.

ರಕ್ತ ಕುಡಿದು ಹರಳುಬೀಜದಷ್ಟು ಊದಿದ, ಬೂದು ಬಣ್ಣಕ್ಕೆ ತಿರುಗಿದ ಹೆಣ್ಣು ಉಣ್ಣೆ ನಾಯಿಯ ಮೈಯಿಂದ ಕೆಳಗೆ ಬೀಳುತ್ತದೆ. ಬಿದ್ದದ್ದು ನೆಲದಲ್ಲಿ ನಿಲ್ಲುವುದಿಲ್ಲ, ಗೋಡೆ ಹತ್ತುತ್ತದೆ. ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದು, ಸ್ವಿಚ್‌ಬೋರ್ಡಿನ ಹಿಂಭಾಗ, ಚಾವಣಿಯ ಮೂಲೆ, ಇಂಥಲ್ಲಿ ಸೇರಿಕೊಂಡು ಒಂದೇ ಸಲಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಬೆಚ್ಚಗಿನ ಹವೆಯಲ್ಲಿ ಸುಮಾರು ಮೂರು ವಾರಕ್ಕೆ ಮೊಟ್ಟೆಯೊಡೆದು ಆರು ಕಾಲಿನ ಮರಿಗಳು ಹೊರಬರುತ್ತವೆ. ಗಾತ್ರದಲ್ಲಿ ಅವು ಸಾಸಿವೆಗಿಂತ ಸಣ್ಣವು. ಮರಿ ನಾಯಿಯ ಮೈಗೆ ಹತ್ತಿ ಕೆಲವು ದಿನ ರಕ್ತ ಕುಡಿದು ಬೀಳುತ್ತದೆ, ಸಂದಿನಲ್ಲಿ ಪೊರೆ ಕಳಚಿ ಎಂಟು ಕಾಲಿನ ಎಳೆ ಉಣ್ಣೆಯಾಗುತ್ತದೆ. ಅದು ಮತ್ತೆ ಹತ್ತಿ, ಕುಡಿದು, ಬಿದ್ದು, ಪೊರೆ ಕಳಚಿ ದೊಡ್ಡ ಉಣ್ಣೆಯಾಗುತ್ತದೆ. ಬೇಸಿಗೆಯಲ್ಲಿ ಈ ಸುತ್ತು ಎರಡರಿಂದ ಮೂರು ತಿಂಗಳಲ್ಲಿ ಮುಗಿಯುತ್ತದೆ.

ಒಂದು ಉಣ್ಣೆ ತನ್ನ ಆಯುಷ್ಯದಲ್ಲಿ ನಾಯಿಯ ಮೈಮೇಲೆ ಕಳೆಯುವುದು ಒಟ್ಟು ಎರಡು ಮೂರು ವಾರ ಮಾತ್ರ. ಉಳಿದ ಕಾಲವೆಲ್ಲ ಸಂದುಗೊಂದುಗಳಲ್ಲೇ. ರಕ್ತ ಸಿಗದಿದ್ದರೂ ಮರಿಗಳು ತಿಂಗಳುಗಟ್ಟಲೆ, ದೊಡ್ಡವು ವರ್ಷ ದಾಟಿಯೂ ಕಾಯಬಲ್ಲವು. ನೀವು ಭಾನುವಾರ ಕೀಳುವ ನಲವತ್ತು ಉಣ್ಣೆ, ಮನೆಯಲ್ಲಿರುವ ಒಟ್ಟು ಸಂಖ್ಯೆಯ ಚಿಕ್ಕದೊಂದು ಪಾಲು. ಕೀಳುವ ಕೆಲಸ ಬೇಕೇ ಬೇಕು, ಆದರೆ ಅದೊಂದರಿಂದಲೇ ಯಾವ ಮನೆಯೂ ಉಣ್ಣೆಯಿಂದ ಬಿಡುಗಡೆ ಆಗಿಲ್ಲ.

ಹುಡುಕುವುದು, ಕೀಳುವುದು

ಬೆನ್ನು ಸವರಿ ಏನೂ ಇಲ್ಲ ಎನ್ನಬೇಡಿ. ಉಣ್ಣೆ ಇಷ್ಟಪಡುವುದು ಚರ್ಮ ತೆಳುವಾದ, ಬೆಚ್ಚಗಿನ, ನಾಯಿಯ ಹಲ್ಲು ಸಿಗದ ಜಾಗ. ಕಿವಿಯ ಒಳಮೈ ಮತ್ತು ಕಿವಿಯ ಹೊರ ಅಂಚಿನಲ್ಲಿ ಬುಡದ ಹತ್ತಿರ ಇರುವ ಪುಟ್ಟ ಚರ್ಮದ ಜೇಬು, ಕೊರಳಪಟ್ಟಿಯ ಅಡಿ, ಕಂಕುಳು, ತೊಡೆಸಂದು, ಬಾಲದ ಬುಡ ಮತ್ತು ಅದರ ಕೆಳಗೆ, ಕಣ್ಣರೆಪ್ಪೆ, ತುಟಿಯ ಅಂಚು, ಎಲ್ಲಕ್ಕಿಂತ ಮುಖ್ಯವಾಗಿ ಕಾಲ್ಬೆರಳ ಸಂದು. ಬೆರಳುಗಳನ್ನು ಒಂದೊಂದಾಗಿ ಅಗಲಿಸಿ, ಪಾದದ ಮೆತ್ತೆಗಳ ನಡುವೆಯೂ ನೋಡಬೇಕು. ಉದ್ದ ಕೂದಲ ನಾಯಿಗೆ ಕೂದಲ ವಿರುದ್ಧ ದಿಕ್ಕಿಗೆ ಹೇರ್ ಡ್ರೈಯರ್‌ನ ತಣ್ಣಗಿನ ಗಾಳಿ ಬಿಟ್ಟರೆ ಚರ್ಮ ಚೆನ್ನಾಗಿ ಕಾಣುತ್ತದೆ. ಹೆಣ್ಣು ನಾಯಿಯ ಮೊಲೆತೊಟ್ಟನ್ನು ಉಣ್ಣೆ ಎಂದು ಎಳೆಯುವವರಿದ್ದಾರೆ. ಗಂಡು ನಾಯಿಗೂ ತೊಟ್ಟುಗಳಿರುತ್ತವೆ. ಟಾರ್ಚ್ ಬಿಟ್ಟು ಕಾಲುಗಳು ಕಾಣುತ್ತವೆಯೇ ನೋಡಿಯೇ ಕೈ ಹಾಕಿ.

ಬೇಕಾಗುವುದು: ತುದಿ ಚೂಪಾದ ಚಿಮಟ, ತೆಳು ಕೈಗವಸು, ಮುಚ್ಚಳವಿರುವ ಬಾಟಲಿಯಲ್ಲಿ ಸರ್ಜಿಕಲ್ ಸ್ಪಿರಿಟ್ ಅಥವಾ ಸ್ಯಾನಿಟೈಸರ್, ಹತ್ತಿ, ಪೋವಿಡೋನ್ ಅಯೋಡಿನ್.

1. ಕೂದಲು ಬಿಡಿಸಿ ಉಣ್ಣೆಯನ್ನು ಪೂರ್ತಿ ಕಾಣುವಂತೆ ಮಾಡಿ. ಇನ್ನೊಬ್ಬರು ನಾಯಿಯ ತಲೆ ಹಿಡಿದು ತಿಂಡಿ ಕೊಡುತ್ತಿದ್ದರೆ ಕೆಲಸ ಅರ್ಧ ಸಲೀಸು.
2. ಚಿಮಟದ ತುದಿಯನ್ನು ಚರ್ಮಕ್ಕೆ ತಾಗಿಸಿ ಉಣ್ಣೆಯ ಬಾಯಿಯ ಭಾಗವನ್ನು ಹಿಡಿಯಿರಿ. ಊದಿದ ಹೊಟ್ಟೆಯನ್ನು ಹಿಡಿದು ಹಿಂಡಿದರೆ ಅದರೊಳಗಿನ ರಸ ನಾಯಿಯ ಮೈಗೆ ಹೋಗುವ ಅಪಾಯವಿದೆ.
3. ನೇರವಾಗಿ ಮೇಲಕ್ಕೆ, ಒಂದೇ ಸಮನೆ, ನಿಧಾನವಾಗಿ ಎಳೆಯಿರಿ. ಜಗ್ಗುವುದೂ ಬೇಡ, ತಿರುಚುವುದೂ ಬೇಡ. ಕೆಲವು ಕ್ಷಣ ಎಳೆತ ಹಾಗೇ ಇದ್ದರೆ ಅದಾಗಿ ಬಿಡುತ್ತದೆ. ಪೆಟ್ ಅಂಗಡಿಯಲ್ಲಿ ಸಿಗುವ ಸೀಳುಕೊಕ್ಕೆ ಬಳಸುವವರು ಮಾತ್ರ ಕೊಕ್ಕೆಯನ್ನು ಉಣ್ಣೆಯಡಿ ಸರಿಸಿ ತಿರುಗಿಸಬೇಕು, ಅದರ ರಚನೆಯೇ ಹಾಗೆ.
4. ಕಿತ್ತದ್ದನ್ನು ಸ್ಪಿರಿಟ್ ಬಾಟಲಿಗೆ ಹಾಕಿ ಮುಚ್ಚಿ. ನೀರಿಗೆ ಹಾಕಿದರೆ ಸುಲಭಕ್ಕೆ ಸಾಯದು, ಕಸದ ಬುಟ್ಟಿಗೆ ಹಾಕಿದರೆ ನಡೆದು ಹೊರಬರುತ್ತದೆ.
5. ಕಚ್ಚಿದ ಜಾಗಕ್ಕೆ ಅಯೋಡಿನ್ ಒತ್ತಿ, ಕೈ ತೊಳೆಯಿರಿ.

ಬಾಯಿಯ ತುಣುಕು ಚರ್ಮದಲ್ಲೇ ಉಳಿದರೆ ಸೂಜಿ ಹಾಕಿ ಕೆದಕಬೇಡಿ. ಸಣ್ಣ ಗಂಟಾಗಿ ಕೆಲವು ದಿನಗಳಲ್ಲಿ ಅದಾಗಿ ಉದುರುತ್ತದೆ. ಕೀವಾದರೆ ಮಾತ್ರ ವೈದ್ಯರಿಗೆ ತೋರಿಸಿ.

ಉಗುರಿನಲ್ಲಿ ಕುಕ್ಕುವುದು, ಚಪ್ಪಲಿಯಲ್ಲಿ ಹೊಸಕುವುದು ನಮ್ಮಲ್ಲಿ ಬಹಳ ಹಳೆಯ ಅಭ್ಯಾಸ. ಇದನ್ನು ಬಿಡಲೇಬೇಕು. ಇದೇ ಕಂದು ಉಣ್ಣೆಯಿಂದ ಮನುಷ್ಯರಿಗೆ ಟಿಕ್ ಟೈಫಸ್ ಎಂಬ ರಿಕೆಟ್ಸಿಯಾ ಜ್ವರ ಬರುತ್ತದೆ. ಜ್ವರದ ಜೊತೆ ಅಂಗೈ ಅಂಗಾಲಿಗೂ ಕೆಂಪು ಗುಳ್ಳೆ ಹರಡುವುದು ಅದರ ಗುರುತು. ಒಡೆದ ಉಣ್ಣೆಯ ರಸ ಕೈಯ ಗಾಯಕ್ಕೋ ಕಣ್ಣಿಗೋ ತಾಗಿದರೂ ಸೋಂಕು ಹತ್ತಬಹುದು.

ಸೀಮೆಎಣ್ಣೆ, ಬೆಂಕಿಕಡ್ಡಿ, ನೇಲ್ ಪಾಲಿಶ್, ವ್ಯಾಸಲಿನ್ ಹಚ್ಚಿದರೆ ಉಣ್ಣೆ ತಾನೇ ಬಿಡುತ್ತದೆ ಎಂಬುದೂ ತಪ್ಪು. ಉಸಿರು ಕಟ್ಟಿದ ಉಣ್ಣೆ ಬಿಡುವ ಮೊದಲು ಜೊಲ್ಲು ಕಾರುತ್ತದೆ, ರೋಗಾಣು ಇರುವುದು ಅದರಲ್ಲೇ. ಅದಕ್ಕಿಂತ ಕೆಟ್ಟದ್ದು ತೋಟಕ್ಕೆ, ಗದ್ದೆಗೆ ತಂದು ಮಿಕ್ಕ ಕೀಟನಾಶಕವನ್ನು ನಾಯಿಗೆ ಬಳಿಯುವುದು. ನಾಯಿ ಮೈ ನೆಕ್ಕುತ್ತದೆ. ಜೊಲ್ಲು ಸುರಿಯುವುದು, ವಾಂತಿ, ಭೇದಿ, ಕಣ್ಣಪಾಪೆ ಚುಕ್ಕೆಯಾಗುವುದು, ಮೈ ನಡುಕ, ಇವು ಆರ್ಗನೋಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕಗಳ ವಿಷದ ಲಕ್ಷಣ, ಗಂಟೆಗಳಲ್ಲಿ ಜೀವ ಹೋಗುತ್ತದೆ. ಫಿನೈಲ್, ತಂಬಾಕಿನ ಕಷಾಯ, ಕರ್ಪೂರ ಕರಗಿಸಿದ ಎಣ್ಣೆ, ಬೆಳ್ಳುಳ್ಳಿ ತಿನ್ನಿಸುವುದು ಇವೆಲ್ಲವೂ ನಾಯಿಗೆ ವಿಷವೇ. ಬೇವಿನೆಣ್ಣೆಯನ್ನು ನೀರುಮಾಡಿ ಹಚ್ಚಿದರೆ ಅಂಥ ಹಾನಿಯಿಲ್ಲ, ಆದರೆ ಅದನ್ನೇ ನಂಬಿ ಕೂತರೆ ಜ್ವರ ತಪ್ಪುವುದಿಲ್ಲ.

ಮೈಗೆ ಔಷಧಿ: ಯಾವುದು, ಎಷ್ಟು, ಎಲ್ಲಿ ತಪ್ಪುತ್ತೇವೆ

ಮೊದಲು ನಾಯಿಯನ್ನು ತೂಗಿ. ಮನೆಯ ತಕ್ಕಡಿಯ ಮೇಲೆ ನೀವು ನಾಯಿಯನ್ನೆತ್ತಿ ನಿಂತು, ಆಮೇಲೆ ನೀವೊಬ್ಬರೇ ನಿಂತು ಕಳೆದರೆ ಆಯಿತು. ಅಂದಾಜಿನ ತೂಕಕ್ಕೆ ಔಷಧಿ ತಂದು ಕಡಿಮೆ ಡೋಸ್ ಹಾಕುವುದೇ ಅತಿ ಸಾಮಾನ್ಯ ತಪ್ಪು.

ಇವತ್ತು ಅತ್ಯಂತ ಭರವಸೆಯ ಔಷಧಿ ಎಂದರೆ ಬಾಯಿಗೆ ಕೊಡುವ ಮಾತ್ರೆಗಳು. ಅಫಾಕ್ಸೊಲಾನರ್ ಮತ್ತು ಸಾರೊಲಾನರ್ ತಿಂಗಳಿಗೊಂದು, ಫ್ಲುರಾಲಾನರ್ 12 ವಾರಕ್ಕೊಂದು. ಎಲ್ಲವೂ ತೂಕದ ಪಟ್ಟಿಯ ಪ್ರಕಾರ ಬೇರೆ ಬೇರೆ ಪೊಟ್ಟಣದಲ್ಲಿ ಬರುತ್ತವೆ. ಉದಾಹರಣೆಗೆ 14 ಕಿಲೋ ನಾಯಿಗೆ ಫ್ಲುರಾಲಾನರ್ ಆದರೆ 10ರಿಂದ 20 ಕಿಲೋದ 500 ಮಿಲಿಗ್ರಾಂ ಮಾತ್ರೆ, ಅಫಾಕ್ಸೊಲಾನರ್ ಆದರೆ 10ರಿಂದ 25 ಕಿಲೋದ 68 ಮಿಲಿಗ್ರಾಂ ಮಾತ್ರೆ. ದುಬಾರಿ ಎಂದು ದೊಡ್ಡ ನಾಯಿಯ ಮಾತ್ರೆ ತಂದು ಎರಡು ನಾಯಿಗೆ ಮುರಿದು ಕೊಡುತ್ತಾರೆ. ಮುರಿದ ತುಂಡುಗಳಲ್ಲಿ ಔಷಧಿ ಸಮನಾಗಿರುತ್ತದೆ ಎಂಬ ಖಾತ್ರಿ ಇಲ್ಲ, ಒಂದಕ್ಕೆ ಕಡಿಮೆ, ಇನ್ನೊಂದಕ್ಕೆ ಹೆಚ್ಚಾಗುತ್ತದೆ. ಊಟದ ಜೊತೆ ಕೊಡಿ, ಖಾಲಿ ಹೊಟ್ಟೆಯಲ್ಲಿ ಫ್ಲುರಾಲಾನರ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಎರಡು ಗಂಟೆಯೊಳಗೆ ವಾಂತಿಯಾದರೆ ವೈದ್ಯರಿಗೆ ಫೋನ್ ಮಾಡಿ ಕೇಳಿ. ಫಿಟ್ಸ್ ಬಂದ ಇತಿಹಾಸವಿರುವ ನಾಯಿಗೆ ಈ ಗುಂಪಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಲೇಬಾರದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ಮಾತ್ರೆ ಕೊಟ್ಟ ಮೇಲೂ ಉಣ್ಣೆ ಕಾಣುತ್ತದೆ ಎಂದು ದೂರುವವರು ಬಹಳ. ಈ ಮಾತ್ರೆ ಉಣ್ಣೆಯನ್ನು ದೂರ ಇಡುವುದಿಲ್ಲ. ಉಣ್ಣೆ ಕಚ್ಚಬೇಕು, ರಕ್ತ ಕುಡಿಯಬೇಕು, ಆಮೇಲೆ ಒಂದೆರಡು ದಿನದಲ್ಲಿ ಸಾಯಬೇಕು. ಹಾಗಾಗಿ ಒಣಗಿದ, ಕಾಲು ಮುದುರಿದ ಉಣ್ಣೆ ಸಿಕ್ಕರೆ ಔಷಧಿ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಆದರೆ ಇಲ್ಲೊಂದು ತೊಡಕಿದೆ. ಉಣ್ಣೆ ಜ್ವರ ತರುವ ಎರ್ಲಿಕಿಯಾ ಎಂಬ ರೋಗಾಣು ಉಣ್ಣೆ ಕಚ್ಚಿದ ಕೆಲವೇ ಗಂಟೆಗಳಲ್ಲಿ ನಾಯಿಯ ರಕ್ತಕ್ಕೆ ದಾಟಬಲ್ಲದು. ಉಣ್ಣೆ ವಿಪರೀತ ಇರುವ ಜಾಗದಲ್ಲಿ, ತೋಟದ ಮನೆಯಲ್ಲಿ, ಬೀದಿನಾಯಿಗಳ ಒಡನಾಟವಿರುವ ನಾಯಿಗೆ ಮಾತ್ರೆಯ ಜೊತೆ ಉಣ್ಣೆಯನ್ನು ಹತ್ತಿರ ಬಿಡದ ಫ್ಲುಮೆಥ್ರಿನ್ ಅಥವಾ ಡೆಲ್ಟಾಮೆಥ್ರಿನ್ ಕೊರಳಪಟ್ಟಿಯನ್ನೂ ಹಾಕಬಹುದೇ ಎಂದು ವೈದ್ಯರನ್ನು ಕೇಳಿ. ಪಟ್ಟಿ ಚರ್ಮಕ್ಕೆ ತಾಗುವಷ್ಟು ಬಿಗಿ, ಎರಡು ಬೆರಳು ತೂರುವಷ್ಟು ಸಡಿಲ ಇರಬೇಕು. ನೆಕ್‌ಲೇಸಿನ ಹಾಗೆ ಜೋತಾಡುವ ಪಟ್ಟಿಯಿಂದ ಪ್ರಯೋಜನವಿಲ್ಲ.

ಹೆಗಲ ಮೇಲೆ ಹನಿಸುವ ಫಿಪ್ರೊನಿಲ್ ಇನ್ನೊಂದು ದಾರಿ, ತಿಂಗಳಿಗೊಮ್ಮೆ. ಎರಡು ಹೆಗಲ ಮೂಳೆಗಳ ನಡುವೆ ಕೂದಲು ಬಿಡಿಸಿ ಚರ್ಮದ ಮೇಲೆ ಹನಿಸಬೇಕು. ಕೂದಲ ಮೇಲೆ ಬಿದ್ದದ್ದು ವ್ಯರ್ಥ. ಹಚ್ಚುವ ಎರಡು ದಿನ ಮೊದಲು, ಹಚ್ಚಿದ ಎರಡು ದಿನ ನಂತರ ಸ್ನಾನ ಬೇಡ. ಇದು ಚರ್ಮದ ಎಣ್ಣೆಯಲ್ಲಿ ಕರಗಿ ಮೈಗೆಲ್ಲ ಹರಡುವ ಔಷಧಿ, ಶಾಂಪೂ ಆ ಎಣ್ಣೆಯನ್ನೇ ತೆಗೆದುಬಿಡುತ್ತದೆ. ವಾರಕ್ಕೊಮ್ಮೆ ಶಾಂಪೂ ಹಾಕುವ ಮನೆಗೆ ಮಾತ್ರೆಯೇ ವಾಸಿ. ಫಿಪ್ರೊನಿಲ್‌ಗೂ ಪರ್ಮೆಥ್ರಿನ್‌ಗೂ ಬಗ್ಗದ ಕಂದು ಉಣ್ಣೆಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ. ಸರಿಯಾಗಿ ಹಾಕಿಯೂ ಕೆಲಸವಾಗದಿದ್ದರೆ ಔಷಧಿಯ ಗುಂಪನ್ನೇ ಬದಲಿಸಬೇಕು, ಬರೀ ಬ್ರ್ಯಾಂಡ್ ಬದಲಿಸಿದರೆ ಸಾಲದು.

ಹಳ್ಳಿಗಳಲ್ಲಿ ದನದ ಔಷಧಿ ಅಂಗಡಿಯಲ್ಲಿ ಸಿಗುವ 12.5% ಅಮಿಟ್ರಾಜ್ ಅಗ್ಗ, ಕೆಲಸವೂ ಮಾಡುತ್ತದೆ, ಅಳತೆ ತಪ್ಪಿದರೆ ಮಾತ್ರ ಅಪಾಯ. ಒಂದು ಲೀಟರ್ ನೀರಿಗೆ 2 ಮಿಲಿಲೀಟರ್, ಅಳೆಯಲು ಸಿರಿಂಜ್ ಬಳಸಿ, ಮುಚ್ಚಳದ ಅಂದಾಜು ಬೇಡ. ನಾಯಿಗೆ ಸ್ನಾನ ಮಾಡಿಸಿ ಟವೆಲಿನಿಂದ ಒರೆಸಿ, ಕೈಗವಸು ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ ಸ್ಪಂಜಿನಿಂದ ಮೈಗೆಲ್ಲ ಹಚ್ಚಿ. ಕಣ್ಣು, ಬಾಯಿ, ಗಾಯ ಬಿಟ್ಟು. ತೊಳೆಯದೆ ನೆರಳಿನಲ್ಲಿ ಒಣಗಲು ಬಿಡಿ, ಒಣಗುವ ತನಕ ನೆಕ್ಕದಂತೆ ಕೊರಳಿಗೆ ಕೋನ್ ಹಾಕಿ. ಕಲಸಿದ ನೀರನ್ನು ನಾಳೆಗೆಂದು ಇಡಬೇಡಿ. ನಾಯಿ ವಿಪರೀತ ಮಂಕಾಗಿ ತೂರಾಡಿದರೆ ಕೂಡಲೇ ತೊಳೆದು ಆಸ್ಪತ್ರೆಗೆ ಒಯ್ಯಿರಿ, ಇದಕ್ಕೆ ಪ್ರತಿಮದ್ದಿದೆ. ನಾಲ್ಕು ತಿಂಗಳಿಗಿಂತ ಸಣ್ಣ ಮರಿ, ಸಕ್ಕರೆ ಕಾಯಿಲೆಯ ನಾಯಿ, ಗಬ್ಬದ ನಾಯಿ, ಬೆಕ್ಕು, ಕುದುರೆ, ಯಾರಿಗೂ ಅಮಿಟ್ರಾಜ್ ಬೇಡ.

ಎಂಟು ವಾರ ತುಂಬದ ಮರಿಗೆ ಮೇಲಿನ ಯಾವ ಔಷಧಿಯೂ ಇಲ್ಲ. ಹೇನು ಬಾಚಣಿಗೆಯಲ್ಲಿ ಬಾಚಿ ಕೈಯಿಂದ ಕಿತ್ತು, ಹಾಸಿಗೆ ದಿನವೂ ಬದಲಿಸಿ, ತಾಯಿನಾಯಿಗೆ ವೈದ್ಯರು ಹೇಳಿದ ಔಷಧಿ ಕೊಡಿಸಿ. ರಕ್ತ ಹೀರಿಸಿಕೊಂಡೇ ಸಣ್ಣ ಮರಿಗಳು ಸಾಯುತ್ತವೆ, ರೋಗ ಬೇಕೆಂದೇನಿಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಇನ್ನೊಂದು ಎಚ್ಚರ: ನಾಯಿಗೆ ಹನಿಸುವ ಪರ್ಮೆಥ್ರಿನ್ ಔಷಧಿ ಬೆಕ್ಕಿನ ಪ್ರಾಣ ತೆಗೆಯುತ್ತದೆ, ಹಚ್ಚಿದ ನಾಯಿಗೆ ಬೆಕ್ಕು ಒರಗಿದರೂ ಸಾಕು.

ನೀವು ಅನ್ನ ಹಾಕುವ ಬೀದಿನಾಯಿಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಮುಟ್ಟಲು ಬಿಡದ ನಾಯಿಗೂ ಕೋಳಿಮಾಂಸದಲ್ಲಿಟ್ಟು 12 ವಾರದ ಮಾತ್ರೆ ತಿನ್ನಿಸಬಹುದು. ಗೇಟಿನ ಬಳಿ ಮಲಗುವ ನಾಯಿಯ ಉಣ್ಣೆ ನಾಳೆ ನಿಮ್ಮ ವರಾಂಡದ ಗೋಡೆ ಹತ್ತುತ್ತದೆ.

ಮನೆಯ ಕೆಲಸ: 90 ದಿನ

ಮನೆಯ ಎಲ್ಲ ನಾಯಿಗಳಿಗೂ ಒಂದೇ ದಿನ ಔಷಧಿ ಕೊಟ್ಟು ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದು ಮೊದಲ ದಿನ.

ಅದೇ ದಿನ ಅಥವಾ ಮರುದಿನ ನಾಯಿ ಮಲಗುವ ಜಾಗ ಖಾಲಿ ಮಾಡಿ. ಗೋಣಿಚೀಲ, ಹಳೇ ಕಂಬಳಿ, ಹರಿದ ಹಾಸಿಗೆ ಇದ್ದರೆ ಸುಟ್ಟುಹಾಕಿ. ಗೋಣಿಯ ನೇಯ್ಗೆಯಲ್ಲಿ ಮರಿ ಉಣ್ಣೆ ಅಡಗಿದರೆ ಯಾವ ತೊಳೆತಕ್ಕೂ ಬರುವುದಿಲ್ಲ. ಉಳಿಸಿಕೊಳ್ಳುವ ಬಟ್ಟೆಗಳನ್ನು ಕುದಿನೀರಿನಲ್ಲಿ ನೆನೆಸಿ ಒಗೆದು ಸುಡುಬಿಸಿಲಿಗೆ ಹಾಕಿ. ತಣ್ಣೀರಿನ ಒಗೆತಕ್ಕೆ ಉಣ್ಣೆ ಜಗ್ಗುವುದಿಲ್ಲ, ಅದನ್ನು ಕೊಲ್ಲುವುದು ಕಾವು. ಇನ್ನು ಮುಂದೆ ವಾರಕ್ಕೊಮ್ಮೆ ಹೀಗೆ.

ಆಮೇಲೆ ಟಾರ್ಚ್ ಹಿಡಿದು ಗೋಡೆ ನೋಡಿ. ಕೆಳಗಿನಿಂದ ಮೇಲಕ್ಕೆ, ನಾಯಿ ಮಲಗುವ ಜಾಗದ ಸುತ್ತ ಹತ್ತು ಅಡಿ. ಮೆಟ್ಟಿಲ ಕೆಳಗಿನ ಗೂಡು, ಸ್ಕರ್ಟಿಂಗ್ ಟೈಲ್ಸಿನ ಅಂಚು, ಕಿಟಕಿ ಚೌಕಟ್ಟು, ಕಲ್ಲುಚಪ್ಪಡಿಯ ಜೋಡಣೆ, ಹಂಚಿನ ಮನೆಯಾದರೆ ರೀಪರ್ ಪಟ್ಟಿ ಮತ್ತು ಸೂರಿನಡಿ, ಸೋಫಾದ ಅಡಿಬಟ್ಟೆ, ಫೋಟೋಗಳ ಹಿಂದೆ. ಕಂದು ಬಣ್ಣದ ಸಣ್ಣ ಕಾಳುಗಳು ರಾಶಿ ಅಂಟಿಕೊಂಡಂತೆ ಕಂಡರೆ ಅದೇ ಮೊಟ್ಟೆ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಮೂತಿಯ ಸಣ್ಣ ಕೊಳವೆ ಹಾಕಿ ಎಳೆದು, ಚೀಲವನ್ನು ಕೂಡಲೇ ಕಟ್ಟಿ ಹೊರಹಾಕಿ. ಇಲ್ಲದಿದ್ದರೆ ಹಳೇ ಚಾಕುವಿನಲ್ಲಿ ಕೆರೆದು ಸ್ಪಿರಿಟ್‌ಗೆ ಬೀಳಿಸಿ. ಕಲ್ಲು, ಸಿಮೆಂಟಿನ ಗೂಡಿಗೆ ಕುದಿನೀರು ಸುರಿಯುವುದು ಹಳೆಯ, ಒಳ್ಳೆಯ ಉಪಾಯ.

ಬಿರುಕು ಮುಚ್ಚುವುದೇ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಭಾಗ, ಜನ ಬಿಟ್ಟುಬಿಡುವುದೂ ಇದನ್ನೇ. ಸಿಮೆಂಟಿನ ಗೋಡೆಗೆ ಸಿಮೆಂಟ್ ಅಥವಾ ಪುಟ್ಟಿ, ಮರದ ಚೌಕಟ್ಟಿಗೆ ಸಿಲಿಕಾನ್, ನಾಯಿಗೂಡಿಗೆ ದಪ್ಪಗೆ ಸುಣ್ಣ. ನೂರು ರೂಪಾಯಿಯ ಪುಟ್ಟಿ ಎಷ್ಟೋ ಸಾವಿರದ ಸ್ಪ್ರೇಯನ್ನು ಉಳಿಸುತ್ತದೆ.

ಸಿಂಪಡಣೆಗೆ ಮನೆಯೊಳಗೆ ಬಳಸಲೆಂದೇ ಮಾರುವ ಡೆಲ್ಟಾಮೆಥ್ರಿನ್ ಅಥವಾ ಸೈಪರ್ಮೆಥ್ರಿನ್ ತನ್ನಿ, ಬೆಳೆಗೆ ಹೊಡೆಯುವುದು ಬೇಡ. ನೀರಿನ ಅಳತೆ ಬಾಟಲಿಯ ಲೇಬಲ್ ಹೇಳಿದಷ್ಟೇ. ಗೋಡೆಯ ನಾಲ್ಕೈದು ಅಡಿ ಎತ್ತರದವರೆಗೆ, ಮೂಲೆಗಳಲ್ಲಿ ಚಾವಣಿಯವರೆಗೆ, ಸಂದುಗಳೊಳಗೆ ಇಳಿಯುವಂತೆ ಹೊಡೆಯಿರಿ. ನೆಲದ ನಡುವೆ ಹೊಡೆದು ಉಪಯೋಗವಿಲ್ಲ. ಪೂರ್ತಿ ಒಣಗುವ ತನಕ ಮಕ್ಕಳು, ನಾಯಿ, ಬೆಕ್ಕು ಹೊರಗಿರಲಿ. ಮೀನಿನ ತೊಟ್ಟಿ ಇದ್ದರೆ ಮುಚ್ಚಿ ಗಾಳಿಯ ಪಂಪ್ ನಿಲ್ಲಿಸಿ, ಈ ಔಷಧಿ ಮೀನಿಗೆ ಮಾರಕ.

ಒಮ್ಮೆ ಹೊಡೆದು ನಿಲ್ಲಿಸಬಾರದು, ಏಕೆಂದರೆ ಸ್ಪ್ರೇ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಹದಿನೈದು ದಿನ ಬಿಟ್ಟು ಎರಡನೆಯದು, ಮತ್ತೆ ಹದಿನೈದು ದಿನಕ್ಕೆ ಮೂರನೆಯದು, ಬೇಕಾದರೆ ನಾಲ್ಕನೆಯದು. ಮೂರನೇ ನಾಲ್ಕನೇ ವಾರದಲ್ಲಿ ಉಣ್ಣೆ ಹೆಚ್ಚಾದಂತೆ ಕಂಡು ಜನ ಸೋತು ಕೈಬಿಡುತ್ತಾರೆ. ಅವು ಹಳೆಯ ಮೊಟ್ಟೆಯಿಂದ ಬಂದ ಮರಿಗಳು. ಆ ಹೊತ್ತಿಗೆ ನಿಲ್ಲಿಸಿದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಈ ಮೂರು ತಿಂಗಳೂ ನಾಯಿ ಮನೆಯಲ್ಲೇ, ತನ್ನ ಮಾಮೂಲಿ ಜಾಗದಲ್ಲೇ ಮಲಗಲಿ. ಉಣ್ಣೆ ಕಾಟ ತಾಳದೆ ನಾಯಿಯನ್ನು ಎರಡು ತಿಂಗಳು ಊರಿಗೆ ಕಳಿಸಿ, ವಾಪಸ್ ತಂದ ವಾರಕ್ಕೆ ಮತ್ತೆ ಮೈತುಂಬ ಉಣ್ಣೆಯಾದ ಮನೆಗಳು ಎಷ್ಟೋ. ಹಸಿದ ಉಣ್ಣೆ ಅಷ್ಟು ದಿನ ಸಂದಿನಲ್ಲೇ ಕಾಯುತ್ತದೆ. ಮಾತ್ರೆ ತಿಂದ ನಾಯಿ ಮನೆಯಲ್ಲಿದ್ದರೆ ಹೊರಬಂದ ಪ್ರತಿ ಉಣ್ಣೆಯೂ ಅದನ್ನೇ ಕಚ್ಚಿ ಸಾಯುತ್ತದೆ, ಹೊಸ ಮೊಟ್ಟೆ ಇಡುವ ಉಣ್ಣೆಯೇ ಉಳಿಯುವುದಿಲ್ಲ. ಮಾತ್ರೆಯ ಅವಧಿ ನಡುವೆ ಒಂದು ದಿನವೂ ತಪ್ಪದಿರುವುದು ಅದಕ್ಕೇ ಮುಖ್ಯ.

ಜ್ವರ ಬಂದರೆ

ನಮ್ಮಲ್ಲಿ ಉಣ್ಣೆ ಜ್ವರ ಎಂದು ಒಟ್ಟಾಗಿ ಕರೆಯುವುದರಲ್ಲಿ ಮುಖ್ಯವಾಗಿ ಎರಡಿವೆ. ಎರ್ಲಿಕಿಯಾ ಕೇನಿಸ್ ಎಂಬ ಬ್ಯಾಕ್ಟೀರಿಯಾ ಬಿಳಿ ರಕ್ತಕಣದೊಳಗೆ ಕೂತು ಪ್ಲೇಟ್‌ಲೆಟ್ ಇಳಿಸುತ್ತದೆ. ಬಬೇಸಿಯಾ ಎಂಬ ಏಕಕೋಶ ಜೀವಿ ಮಲೇರಿಯಾದಂತೆ ಕೆಂಪು ರಕ್ತಕಣ ಒಡೆಯುತ್ತದೆ. ಎರಡೂ ಒಟ್ಟಿಗೆ ಬರುವುದೂ ಉಂಟು. ಹೆಪಟೋಜೂನ್ ಎಂಬ ಮೂರನೆಯದು ನಾಯಿ ಉಣ್ಣೆಯನ್ನು ನುಂಗಿದರೆ ಬರುತ್ತದೆ, ಕಿತ್ತ ಉಣ್ಣೆಯನ್ನು ನಾಯಿಯ ಮುಂದೆ ಬಿಸಾಡಬಾರದು ಎನ್ನುವುದು ಇದಕ್ಕೂ ಸೇರಿ.

ಉಣ್ಣೆ ಕಚ್ಚಿದ ಒಂದರಿಂದ ಮೂರು ವಾರದಲ್ಲಿ ಲಕ್ಷಣ ಶುರು. ಊಟ ಅರ್ಧ ಬಿಡುವುದು, ಮೆಟ್ಟಿಲು ಹತ್ತಲು ಹಿಂಜರಿಯುವುದು, ಗೇಟಿನ ಸದ್ದಿಗೆ ಏಳದಿರುವುದು, ಇಷ್ಟೇ ಇರಬಹುದು. ಆಗಲೇ ಮೂರು ಪರೀಕ್ಷೆ ಮನೆಯಲ್ಲೇ ಮಾಡಿ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿ ಅರ್ಧ ಇಂಚಿನಿಂದ ಒಂದು ಇಂಚು ಇಟ್ಟು ನೋಡಿ. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ, 103 ದಾಟಿದರೆ ಜ್ವರ. ಮೂಗು ಒದ್ದೆಯೋ ಒಣಗಿದೆಯೋ ಎಂದು ನೋಡಿ ಜ್ವರ ಹೇಳಲಾಗದು. ಎರಡನೆಯದು, ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಇರಬೇಕು. ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಒಸಡು ಬಿಳಿ ಅಥವಾ ಹಳದಿ ಇದ್ದರೆ ಅದೇ ದಿನ ಆಸ್ಪತ್ರೆ. ಮೂರನೆಯದು, ಹೊಟ್ಟೆಯ ಅಡಿ ಮತ್ತು ಕಿವಿಯ ಒಳಗೆ ಕೆಂಪು ಚುಕ್ಕೆಗಳಿವೆಯೇ, ಮೂತ್ರ ಕಪ್ಪುಕಾಫಿಯ ಬಣ್ಣಕ್ಕೆ ತಿರುಗಿದೆಯೇ ನೋಡಿ. ಚುಕ್ಕೆ ಪ್ಲೇಟ್‌ಲೆಟ್ ಇಳಿದದ್ದರ ಗುರುತು, ಮೂತ್ರದ ಬಣ್ಣ ಬಬೇಸಿಯಾದ್ದು.

ಮೂಗಿನಿಂದ ರಕ್ತ ಬಂದರೆ ಗಾಬರಿಯಾಗದೆ ನಾಯಿಯನ್ನು ಅಲ್ಲಾಡಿಸದೆ ಮಲಗಿಸಿ, ಮೂಗಿನ ಮೇಲ್ಭಾಗಕ್ಕೆ ಐಸ್ ಸುತ್ತಿದ ಬಟ್ಟೆ ಹಿಡಿದು ಕೂಡಲೇ ಆಸ್ಪತ್ರೆಗೆ ಹೊರಡಿ. ಮನೆಯಲ್ಲಿರುವ ಮನುಷ್ಯರ ಮಾತ್ರೆ ಯಾವುದನ್ನೂ ಕೊಡಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವವನ್ನು ಇನ್ನೂ ಹೆಚ್ಚಿಸುತ್ತವೆ, ಪ್ಯಾರಾಸಿಟಮಾಲ್ ನಾಯಿಯ ಯಕೃತ್ತಿಗೆ ವಿಷ.

ವೈದ್ಯರ ಬಳಿ ರಕ್ತದ ಪೂರ್ಣ ಎಣಿಕೆ, ರಕ್ತದ ಸ್ಮಿಯರ್ (ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವ ಹನಿ ರಕ್ತ) ಎರಡನ್ನೂ ಕೇಳಿ. ಆರೋಗ್ಯವಂತ ನಾಯಿಯ ಪ್ಲೇಟ್‌ಲೆಟ್ ಸುಮಾರು 2 ಲಕ್ಷದಿಂದ 5 ಲಕ್ಷ. ಸ್ಮಿಯರಿನಲ್ಲಿ ಬಬೇಸಿಯಾ ಕಣ್ಣಿಗೆ ಬೀಳಬಹುದು, ಎರ್ಲಿಕಿಯಾ ಕಾಣುವುದು ಅಪರೂಪ. ಹನಿ ರಕ್ತದಲ್ಲಿ ನೋಡುವ ಕಿಟ್ ಪ್ರತಿಕಾಯ ಹುಡುಕುವುದರಿಂದ ಜ್ವರದ ಮೊದಲ ವಾರದಲ್ಲಿ ಇಲ್ಲ ಎಂದು ತೋರಿಸಿದರೂ ರೋಗ ಇರಬಹುದು. ಪಿಸಿಆರ್ ಹೆಚ್ಚು ಖಚಿತ, ಬಬೇಸಿಯಾದ ಜಾತಿಯನ್ನೂ ಹೇಳುತ್ತದೆ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಹತ್ತಿರದವರಿಗೆ ಅದೂ ಒಂದು ದಾರಿ.

ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್, ಕಿಲೋಗೆ ದಿನಕ್ಕೆ 10 ಮಿಲಿಗ್ರಾಂನಂತೆ 28 ದಿನ. 20 ಕಿಲೋ ನಾಯಿಗೆ 100 ಮಿಲಿಗ್ರಾಂ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ, ಹಾಲಿನಲ್ಲಿ ಕೊಟ್ಟರೆ ಔಷಧಿ ಸರಿಯಾಗಿ ಹೀರುವುದಿಲ್ಲ. ಊಟದ ಜೊತೆ ಕೊಟ್ಟು, ಸಿರಿಂಜಿನಲ್ಲಿ ಒಂದೆರಡು ಚಮಚ ನೀರು ಕುಡಿಸಿ, ಇಲ್ಲದಿದ್ದರೆ ಮಾತ್ರೆ ಗಂಟಲಿನಲ್ಲಿ ಕೂತು ಹುಣ್ಣಾಗುತ್ತದೆ. ಎರಡು ಮೂರು ದಿನದಲ್ಲಿ ನಾಯಿ ಎದ್ದು ಓಡಾಡುತ್ತದೆ, ಅಲ್ಲೇ ಅಪಾಯ ಇರುವುದು. ಹತ್ತನೇ ದಿನ ಮಾತ್ರೆ ನಿಲ್ಲಿಸುವವರ ನಾಯಿಗಳಲ್ಲಿ ರೋಗಾಣು ಗುಲ್ಮದಲ್ಲಿ ಅಡಗಿ, ತಿಂಗಳುಗಳೋ ವರ್ಷವೋ ಸುಮ್ಮನಿದ್ದು, ಆಮೇಲೆ ಮೂಳೆಮಜ್ಜೆಯನ್ನೇ ಹಾಳು ಮಾಡುತ್ತದೆ. ಆ ಹಂತದಲ್ಲಿ ಉಳಿಸುವುದು ಕಷ್ಟ, ಜರ್ಮನ್ ಶೆಫರ್ಡ್‌ಗಳಲ್ಲಂತೂ ಇನ್ನೂ ಕಷ್ಟ. ಮೂರು ದಿನ ಡಾಕ್ಸಿ ಕೊಟ್ಟೂ ಜ್ವರ ಇಳಿಯದಿದ್ದರೆ ಬಬೇಸಿಯಾ ಜೊತೆಗಿದೆಯೇ ಎಂದು ಮತ್ತೆ ಪರೀಕ್ಷೆ ಮಾಡಿಸಿ.

ಬಬೇಸಿಯಾದಲ್ಲಿ ಜಾತಿ ನೋಡಿ ಮದ್ದು. ದೊಡ್ಡ ಬಬೇಸಿಯಾಕ್ಕೆ ಇಮಿಡೋಕಾರ್ಬ್ ಚುಚ್ಚುಮದ್ದು, 14 ದಿನದ ಅಂತರದಲ್ಲಿ ಎರಡು. ಸಣ್ಣ ಬಬೇಸಿಯಾ, ಅಂದರೆ ಗಿಬ್ಸೋನಿ, ಅದಕ್ಕೆ ಬಗ್ಗುವುದಿಲ್ಲ. ಅಟೊವಾಕ್ವೋನ್ ದಿನಕ್ಕೆ ಮೂರು ಬಾರಿ ಕೊಬ್ಬಿನಂಶವಿರುವ ಊಟದ ಜೊತೆ, ಅಜಿತ್ರೊಮೈಸಿನ್ ದಿನಕ್ಕೊಮ್ಮೆ, ಒಟ್ಟು ಹತ್ತು ದಿನ. ಖರ್ಚು ಹೆಚ್ಚು, ಆದರೆ ಒಂದೊಂದು ಡೋಸೂ ತಪ್ಪಬಾರದು. ರಕ್ತ ಬಹಳ ಇಳಿದಿದ್ದರೆ ಬೇರೆ ನಾಯಿಯ ರಕ್ತ ಕೊಡಿಸಬೇಕಾಗುತ್ತದೆ. ಹಳ್ಳಿಯವರು ಪಶುಸಂಗೋಪನೆ ಇಲಾಖೆಯ 1962 ಸಹಾಯವಾಣಿಗೆ ಕರೆ ಮಾಡಿ ಕೇಳಬಹುದು.

ಮಲೆನಾಡಿನವರಿಗೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಹೀಮಾಫೈಸಾಲಿಸ್ ಎಂಬ ಕಾಡಿನ ಉಣುಗಿನಿಂದ, ಮನೆಗೋಡೆಯ ಕಂದು ಉಣ್ಣೆಯಿಂದಲ್ಲ. ಆದರೆ ದರಗು ತರಲು, ಸೊಪ್ಪು ಕಡಿಯಲು ಹೋದವರ ಜೊತೆ ಕಾಡು ಸುತ್ತಿ ಬಂದ ನಾಯಿ ಆ ಉಣುಗನ್ನು ಮೈಮೇಲೆ ಹೊತ್ತು ಅಂಗಳಕ್ಕೆ ತರಬಲ್ಲದು. ನವೆಂಬರ್‌ನಿಂದ ಮೇ ಕೊನೆಯವರೆಗೆ, ಸಣ್ಣ ಎಳೆ ಉಣುಗುಗಳ ಕಾಲದಲ್ಲಿ, ನಾಯಿಯನ್ನು ಕಾಡಿಗೆ ಬಿಡದಿರುವುದು ಒಳ್ಳೆಯದು. ಹೋಗಿ ಬಂದಿದ್ದರೆ ಮನೆಯೊಳಗೆ ಬಿಡುವ ಮೊದಲೇ ಹೊರಗೆ ಬಾಚಿ ನೋಡಿ. ಕಾಡಿಗೆ ಹೋಗುವವರು ಕೈಕಾಲಿಗೆ ಉಣುಗನ್ನು ದೂರವಿಡುವ ಡೇಪಾ ತೈಲ ಹಚ್ಚಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೇ ಹಾಕಬೇಕು. ಸತ್ತ ಮಂಗ ಕಂಡರೆ ನಾಯಿಯನ್ನು ಹತ್ತಿರ ಬಿಡಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಸತ್ತ ಪ್ರಾಣಿಯ ಮೈಯಿಂದ ಇಳಿದ ಉಣುಗು ಮುಂದಿನ ಮೈ ಹುಡುಕುತ್ತಿರುತ್ತದೆ. ಹಠಾತ್ ಜೋರು ಜ್ವರ, ತಲೆನೋವು, ಸೊಂಟ ಸ್ನಾಯು ಹಿಂಡಿದಂತೆ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ವಾಸಿಯಾದ ಮೇಲೆ

28 ದಿನದ ಮಾತ್ರೆ ಮುಗಿದ ಮೇಲೆ ಒಮ್ಮೆ, ಅದಾದ ಒಂದು ತಿಂಗಳಿಗೆ ಮತ್ತೊಮ್ಮೆ ಪ್ಲೇಟ್‌ಲೆಟ್ ಎಣಿಸಿ ನೋಡಿ. ಪ್ರತಿಕಾಯದ ಕಿಟ್ ವಾಸಿಯಾದ ಎಷ್ಟೋ ತಿಂಗಳವರೆಗೂ ಪಾಸಿಟಿವ್ ತೋರಿಸುತ್ತದೆ, ಅದನ್ನು ನೋಡಿ ಮತ್ತೆ ಮಾತ್ರೆ ಶುರು ಮಾಡಬೇಕಿಲ್ಲ. ಒಮ್ಮೆ ಬಂದು ಹೋದ ಎರ್ಲಿಕಿಯಾ ನಾಯಿಗೆ ರಕ್ಷಣೆ ಕೊಡುವುದಿಲ್ಲ, ನಾಳೆ ಇನ್ನೊಂದು ಉಣ್ಣೆ ಕಚ್ಚಿದರೆ ನಾಳೆಯೇ ಮತ್ತೆ ಹತ್ತಬಹುದು. ಬಬೇಸಿಯಾ ಬಂದ ನಾಯಿಯ ರಕ್ತವನ್ನು ಬೇರೆ ನಾಯಿಗೆ ಕೊಡಬಾರದು, ಇದನ್ನು ಅದರ ಆಸ್ಪತ್ರೆ ಪುಸ್ತಕದ ಮೊದಲ ಪುಟದಲ್ಲೇ ಬರೆಸಿಡಿ. ಅದೇ ಪುಟದಲ್ಲಿ ಮುಂದಿನ ಉಣ್ಣೆ ಮಾತ್ರೆಯ ತಾರೀಖೂ ಇರಲಿ.